ಲಿಫ್ಟ್ ನಿಲ್ಲಿಸುವ ಅಧಿಕಾರ ಯಾರದು?

ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ನಿಂತರೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಲಿಫ್ಟ್ ಕೆಟ್ಟಿದೆ." ಅದರ ಬೆನ್ನಿಗೇ ಇನ್ನೊಂದು: "ಮೆಕ್ಯಾನಿಕ್‌ಗೆ ಫೋನ್ ಮಾಡ್ರಿ, ಬೇಗ ಬಂದು ಓಡಿಸಿಕೊಡಲಿ." ಬಂದವನು ಹತ್ತು ನಿಮಿಷದಲ್ಲಿ ಓಡಿಸಿಕೊಟ್ಟರೆ ಜಾಣ. "ಇವತ್ತು ಓಡಿಸೋದು ಬೇಡ ಸಾರ್, ನಿಲ್ಲಿಸಿಡಿ" ಎಂದರೆ ಕೆಲಸ ಬಾರದವನು. ಲಿಫ್ಟಿನ ಸುರಕ್ಷತೆಯ ಬಗ್ಗೆ ನಮ್ಮ ನಗರಗಳಲ್ಲಿರುವ ತಪ್ಪು ತಿಳಿವಳಿಕೆಯ ಬೇರು ಈ ಅಳತೆಗೋಲಿನಲ್ಲೇ ಇದೆ. ಓಡಿದರೆ ಸರಿ, ನಿಂತರೆ ತಪ್ಪು ಎಂದು ನಾವು ಎಣಿಸಿದ್ದೇವೆ. ಲಿಫ್ಟನ್ನು ರೂಪಿಸಿದವರ ಎಣಿಕೆ ಬೇರೆಯೇ ಇತ್ತು.

ಹಗ್ಗ, ರಾಟೆ ಕಟ್ಟಿ ಭಾರ ಎತ್ತುವುದು ಬಹಳ ಹಳೆಯ ವಿದ್ಯೆ. ಹಗ್ಗ ಕಡಿದರೆ ಗತಿಯೇನು ಎಂಬ ಭಯವಿದ್ದುದರಿಂದ ಅದು ಹೆಚ್ಚಾಗಿ ಸಾಮಾನು ಸಾಗಿಸುವುದಕ್ಕೇ ಬಳಕೆಯಾಗುತ್ತಿತ್ತು. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೆಸ್ ವಸ್ತುಪ್ರದರ್ಶನದಲ್ಲಿ ಎಲಿಷಾ ಓಟಿಸ್ ಎಂಬಾತ ಎತ್ತರದ ಅಟ್ಟಣಿಗೆಯ ಮೇಲೆ ನಿಂತು, ಜನರ ಕಣ್ಣೆದುರಿಗೇ ಅದರ ಹಗ್ಗ ಕಡಿಸಿದ. ಅಟ್ಟಣಿಗೆ ತುಸು ಕುಸಿದು ಅಲ್ಲೇ ಕಚ್ಚಿಕೊಂಡು ನಿಂತಿತು. ಮೂರು ವರ್ಷದ ನಂತರ, 1857ರಲ್ಲಿ, ಅದೇ ನಗರದ ಒಂದು ಅಂಗಡಿ ಕಟ್ಟಡದಲ್ಲಿ ಆತನ ಕಂಪನಿಯ ಪ್ರಯಾಣಿಕರ ಲಿಫ್ಟ್ ಓಡಾಡತೊಡಗಿತು. ಏರಬಲ್ಲ ಯಂತ್ರ ಮೊದಲೇ ಇತ್ತು. ನಿಲ್ಲಬಲ್ಲ ಯಂತ್ರ ಬಂದ ಮೇಲೆಯೇ ಜನ ಧೈರ್ಯವಾಗಿ ಒಳಗೆ ಕಾಲಿಟ್ಟರು.

ಲಿಫ್ಟ್ ರಿಪೇರಿಯ ಕಸುಬಿನಲ್ಲಿರುವವರನ್ನು ಮಾತಿಗೆಳೆದರೆ ಯಂತ್ರದ ಬಗ್ಗೆ ಬರುವ ದೂರಿಗಿಂತ ಕಟ್ಟಡದ ಸಿಬ್ಬಂದಿಯ ಬಗ್ಗೆ ಬರುವ ದೂರೇ ಹೆಚ್ಚು. ಸೆಕ್ಯುರಿಟಿಯವರು, ಹೌಸ್‌ಕೀಪಿಂಗಿನವರು, ಸೂಪರ್‌ವೈಸರು, ಅಸೋಸಿಯೇಷನ್ ಸೆಕ್ರೆಟರಿ, ಯಾರಿಗೂ ಏನೂ ಗೊತ್ತಿಲ್ಲ, ಆದರೂ ಎಲ್ಲರೂ ಕೈ ಹಾಕುತ್ತಾರೆ ಎನ್ನುವುದು ಅವರ ಗೋಳು. ಗೋಳು ಸುಳ್ಳಲ್ಲ. ಆದರೆ ಅದನ್ನು ಅಜ್ಞಾನ ಎಂದು ಕರೆದು ವಾಚ್‌ಮನ್‌ನ ತಲೆಗೆ ಕಟ್ಟಿ ಮುಗಿಸುವಂತಿಲ್ಲ. ಲಿಫ್ಟಿನ ವಿಷಯ ತಿಳಿದವನಿಗೆ ಅದನ್ನು ನಿಲ್ಲಿಸಿಡುವ ಅಧಿಕಾರವಿಲ್ಲ. ಅಧಿಕಾರ ಇರುವವರಿಗೆ ವಿಷಯ ತಿಳಿದಿಲ್ಲ. ಕೀಲಿ ಹಿಡಿದವನಿಗೆ ಎರಡೂ ಇಲ್ಲ. ಈ ಏರ್ಪಾಟನ್ನು ಮಾಡಿದವರು ಫ್ಲ್ಯಾಟಿನ ಮಾಲೀಕರಾದ ನಾವೇ. ಸರಿಪಡಿಸಬೇಕಾದವರೂ ನಾವೇ.

ಮೊದಲು ಯಂತ್ರದ ಮಾತು. ಮಾಮೂಲಿ ಲಿಫ್ಟಿನಲ್ಲಿ ಕ್ಯಾಬಿನ್ ಒಂದು ಕಡೆ, ಕೌಂಟರ್‌ವೇಟ್ ಇನ್ನೊಂದು ಕಡೆ, ನಡುವೆ ಉಕ್ಕಿನ ಹಗ್ಗಗಳು. ಆ ಹಗ್ಗಗಳು ಒಟ್ಟಾಗಿ ತಾಳುವ ಭಾರ ಅವು ಹೊರುವ ಭಾರದ ಹತ್ತು ಪಟ್ಟಿಗೂ ಮೀರಿದ್ದು. ಕೌಂಟರ್‌ವೇಟಿನ ತೂಕವೆಂದರೆ ಕ್ಯಾಬಿನ್ನಿನ ತೂಕ, ಅದರ ಮೇಲೆ ಅದು ಹೊರಬಹುದಾದ ಹೊರೆಯ ಶೇಕಡಾ 40ರಿಂದ 50ರಷ್ಟು. ಹಾಗಾಗಿ ಒಳಗೆ ಒಬ್ಬರೋ ಇಬ್ಬರೋ ಇದ್ದಾಗ ಕ್ಯಾಬಿನ್ನಿಗಿಂತ ಕೌಂಟರ್‌ವೇಟೇ ಭಾರ. ಆಗ ಬ್ರೇಕ್ ಸಡಿಲಿಸಿದರೆ ಕ್ಯಾಬಿನ್ ಕೆಳಗೆ ಬೀಳುವುದಿಲ್ಲ, ಮೇಲಕ್ಕೆ ಸರಿಯುತ್ತದೆ. ಇದನ್ನು ಕೇಳಿದ ಹೆಚ್ಚಿನವರು ನಂಬುವುದೇ ಇಲ್ಲ. ಲಿಫ್ಟೆಂದರೆ ಬೀಳುವ ವಸ್ತು ಎಂದೇ ಎಲ್ಲರ ಮನಸ್ಸಿನಲ್ಲಿದೆ.

ಬ್ರೇಕಿನ ಕತೆಯೂ ಹೀಗೇ. ಲಿಫ್ಟಿನ ಬ್ರೇಕನ್ನು ಹಿಡಿಸುವುದು ಸ್ಪ್ರಿಂಗು, ಬಿಡಿಸುವುದು ವಿದ್ಯುತ್ತು. ಕರೆಂಟ್ ಹೋದ ಕ್ಷಣ ಸ್ಪ್ರಿಂಗು ಬ್ರೇಕನ್ನು ಬಿಗಿಯಾಗಿ ಹಿಡಿಸುತ್ತದೆ. ಕರೆಂಟ್ ಹೋಗಿ ಲಿಫ್ಟ್ ನಿಂತಿತೆಂದರೆ ಅದು ನೇತಾಡುತ್ತಿಲ್ಲ, ಗಟ್ಟಿಯಾಗಿ ಹಿಡಿದು ನಿಂತಿದೆ ಎಂದರ್ಥ. ಇನ್ನು ವೇಗ ಮಿತಿ ಮೀರಿದರೆ ಗವರ್ನರ್ ಎಂಬ ಸಾಧನ ಎಚ್ಚೆತ್ತು, ಕ್ಯಾಬಿನ್ನಿನ ಕೆಳಗಿರುವ ಕಚ್ಚುಗಳು ಗೈಡ್ ರೈಲುಗಳನ್ನು ಹಿಡಿಯುವಂತೆ ಮಾಡುತ್ತದೆ.

ಇವೆಲ್ಲಕ್ಕೂ ಮುಂಚೆ ಕೆಲಸ ಮಾಡುವುದು ಸೇಫ್ಟಿ ಸರ್ಕ್ಯೂಟ್. ಪ್ರತಿ ಮಹಡಿಯ ಬಾಗಿಲಿನ ಲಾಕು, ಕ್ಯಾಬಿನ್ ಬಾಗಿಲಿನ ಸಂಪರ್ಕ, ಲಿಫ್ಟ್ ಓಡಾಡುವ ಶಾಫ್ಟಿನ ತಳದ ಗುಂಡಿಯಾದ ಪಿಟ್‌ನಲ್ಲಿರುವ ಸ್ವಿಚ್ಚು, ಗವರ್ನರ್ ಸ್ವಿಚ್ಚು, ಮೇಲೆ ಕೆಳಗಿನ ಮಿತಿ ಸ್ವಿಚ್ಚು, ಇವೆಲ್ಲ ಒಂದೇ ಸರಪಳಿಯ ಕೊಂಡಿಗಳಂತೆ ಸಾಲಾಗಿ ಜೋಡಣೆಯಾಗಿರುತ್ತವೆ. ಒಂದು ಕೊಂಡಿ ಬಿಚ್ಚಿದರೂ ಲಿಫ್ಟ್ ಕದಲುವುದಿಲ್ಲ. ನೆಲ ಅಂತಸ್ತು ಮತ್ತು ಒಂಬತ್ತು ಮಹಡಿಯ ಕಟ್ಟಡವೆಂದರೆ ಹೊರಬಾಗಿಲುಗಳೇ ಹತ್ತು. ನಾಲ್ಕನೇ ಮಹಡಿಯಲ್ಲಿ ಒಂದು ಬಾಗಿಲು ಸರಿಯಾಗಿ ಕೂರಲಿಲ್ಲವೆಂದರೆ ನೆಲಮಟ್ಟದಲ್ಲಿ ಕಾಯುತ್ತಿರುವವರಿಗೆ ಲಿಫ್ಟ್ ಬರುವುದಿಲ್ಲ. ಅವರ ಲೆಕ್ಕದಲ್ಲಿ ಲಿಫ್ಟ್ ಕೆಟ್ಟಿದೆ. ನಿಜಕ್ಕೂ ಅದು ಮಾಡಿದ್ದೇನು? ತೆರೆದ ಬಾಗಿಲೊಂದು ಇದೆ, ಅಲ್ಲಿ ಯಾರಾದರೂ ಕಾಲಿಟ್ಟಾರು ಎಂದು ತಿಳಿದು ಓಡಾಟ ನಿಲ್ಲಿಸಿದೆ.

ಲಿಫ್ಟ್ ನಿಂತಾಗ ಕೇಳಬೇಕಾದ ಪ್ರಶ್ನೆ, "ಏಕೆ ನಿಂತಿತು?" ಕಟ್ಟಡದ ಗೇಟಿನಲ್ಲಿ ಕೇಳಿಬರುವ ಪ್ರಶ್ನೆ, "ಯಾವಾಗ ಓಡುತ್ತದೆ?" ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲೇ ಮೆಕ್ಯಾನಿಕ್‌ನ ದಿನ ಕಳೆಯುತ್ತದೆ.

ಇನ್ನು ಕಟ್ಟಡದಲ್ಲಿ ನಡೆಯುವ ತಪ್ಪುಗಳು. ಮೊದಲನೆಯದು ಎಲ್ಲ ಕಡೆ ಕಾಣುವ ಚಾಳಿ, ಆಫ್ ಮಾಡಿ ಆನ್ ಮಾಡುವುದು. ಲಿಫ್ಟ್ ನಿಂತಿತು, ಸೆಕ್ಯುರಿಟಿ ಹೋಗಿ ಮೇನ್ ಸ್ವಿಚ್ ಕೆಳಗೆಳೆದು ಮತ್ತೆ ಮೇಲೆತ್ತಿದ, ಓಡಿತು. ಮಾರನೇ ದಿನ ಮತ್ತೆ. ಬಾಗಿಲಿನ ಲಾಕು ಸವೆಯುತ್ತ ಬಂದು, ಒಮ್ಮೆ ಕೂತು ಒಮ್ಮೆ ಕೂರದೆ ಸೂಚನೆ ಕೊಡುತ್ತಿದ್ದರೆ, ಹದಿನೈದು ದಿನ ಆ ಸೂಚನೆಯನ್ನು ಸ್ವಿಚ್ಚಿನಿಂದ ಒರೆಸುತ್ತ ಬಂದಂತಾಯಿತು. ಕೊನೆಗೊಮ್ಮೆ ಮೆಕ್ಯಾನಿಕ್ ಬಂದಾಗ ಲಿಫ್ಟ್ ಚೆನ್ನಾಗಿಯೇ ಓಡುತ್ತಿರುತ್ತದೆ. ಎಷ್ಟು ಸಲ ನಿಂತಿತ್ತು, ಯಾವ ಮಹಡಿಯಲ್ಲಿ, ಯಾವ ಹೊತ್ತಿಗೆ ಎಂದು ಕೇಳಿದರೆ ಹೇಳುವವರಿಲ್ಲ. ರಾತ್ರಿ ಪಾಳಿಯವನು ಬೆಳಿಗ್ಗೆಯೇ ಹೊರಟುಹೋಗಿರುತ್ತಾನೆ.

ಎರಡನೆಯದು ಕಸ ಮತ್ತು ನೀರು. ಬಾಗಿಲು ಜಾರುವ ಹಳಿಯನ್ನು ಸಿಲ್ ಎನ್ನುತ್ತಾರೆ. ಬೆಳಿಗ್ಗೆ ಕಾರಿಡಾರ್ ಗುಡಿಸುವವರಿಗೆ ಕಸ ತಳ್ಳಲು ಅದಕ್ಕಿಂತ ಅನುಕೂಲದ ಸಂದಿ ಇನ್ನೊಂದಿಲ್ಲ. ಅಕ್ಕಿಕಾಳು, ಪಿನ್ನು, ಹೂವಿನ ತೊಟ್ಟು, ಪಾರ್ಸೆಲ್ಲಿನ ಟೇಪು ಎಲ್ಲ ಅಲ್ಲಿ ಸೇರುತ್ತವೆ. ನೆಲ ಒರೆಸಲು ಬಕೆಟ್ಟಿನಿಂದ ಸುರಿದ ನೀರು ಅದೇ ಸಂದಿಯಿಂದ ಇಳಿದು ಬಾಗಿಲಿನ ಕೆಳಭಾಗವನ್ನೂ ಪಿಟ್‌ನಲ್ಲಿರುವ ಸ್ವಿಚ್ಚನ್ನೂ ತೋಯಿಸುತ್ತದೆ. ಲಿಫ್ಟಿನ ದೂರುಗಳಲ್ಲಿ ಬಾಗಿಲಿನ ದೂರುಗಳೇ ಮುಂದು ಎನ್ನುವುದನ್ನು ಈ ಕೆಲಸ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಮೋಟರನ್ನೋ ಹಗ್ಗವನ್ನೋ ಅನುಮಾನಿಸುತ್ತಿರುವ ಸೆಕ್ರೆಟರಿಗೆ, ನಿಮ್ಮ ಲಿಫ್ಟ್ ನಿಲ್ಲಿಸಿದ್ದು ಒಂದು ಹುಣಸೆಬೀಜ ಎಂದು ಹೇಳಿದರೆ ಅವಮಾನ ಮಾಡಿದಂತೆ ಕಾಣುತ್ತದೆ.

ಮೂರನೆಯದು ಹೊರೆ. ನಮ್ಮಲ್ಲಿ ಲಿಫ್ಟಿನ ಲೆಕ್ಕ ತಲೆಗೆ 68 ಕೆಜಿ. ಎಂಟು ಜನರ ಲಿಫ್ಟ್ ಎಂದರೆ 544 ಕೆಜಿ. ಆರನೇ ಮಹಡಿಯ ಫ್ಲ್ಯಾಟಿನಲ್ಲಿ ಮನೆ ರಿಪೇರಿ ನಡೆದಿದೆ ಎನ್ನಿ. ಹತ್ತು ಮೂಟೆ ಸಿಮೆಂಟು ಏರಿಸಿದರೆ ಅದೇ 500 ಕೆಜಿ, ಜೊತೆಗೆ ಹೊರುವವರು ಇಬ್ಬರು. "ಎಂಟು ಜನ ಹಿಡಿಯುವ ಲಿಫ್ಟಿನಲ್ಲಿ ಇಬ್ಬರೇ ತಾನೇ ಹೋಗ್ತಿರೋದು?" ಎಂದು ಸೆಕ್ಯುರಿಟಿ ಸುಮ್ಮನಿರುತ್ತಾನೆ. ಓವರ್‌ಲೋಡ್ ಬೆಲ್ ಹೊಡೆದರೆ ಒಬ್ಬರನ್ನು ಇಳಿಸಿ, ಬೆಲ್ ನಿಲ್ಲುವಂತೆ ಮಾಡಿ, ಮಿತಿಯ ತುದಿಯಲ್ಲೇ ಇಡೀ ದಿನ ಏರಿಸುತ್ತಾರೆ. ಟೈಲ್ಸ್ ಹೊತ್ತ ತಳ್ಳುಗಾಡಿಯ ಗಾಲಿ ಸಿಲ್ಲನ್ನು ಜಜ್ಜುತ್ತದೆ. ಮುಂದಿನ ವಾರ ಬಾಗಿಲು ಸಿಕ್ಕಿಕೊಳ್ಳುತ್ತದೆ. ಕಂಪ್ಲೇಂಟು ಮೆಕ್ಯಾನಿಕ್ ಮೇಲೆ.

ಇವೆಲ್ಲ ಕಾಟ ಕೊಡುವಂಥವು. ಜೀವ ತೆಗೆಯುವುದು ನಾಲ್ಕನೆಯದು, ಯಾರಾದರೂ ಒಳಗೆ ಸಿಕ್ಕಿಕೊಂಡಾಗ ನಡೆಯುವ ಸಾಹಸ. ಒಳಗಿನವರು ಬಾಗಿಲು ಬಡಿಯುತ್ತಾರೆ, ಹೊರಗೆ ಮನೆಯವರು ಕೂಗಾಡುತ್ತಾರೆ. ಗಾಳಿ ಸಿಗದೆ ಉಸಿರು ಕಟ್ಟೀತು ಎಂದು ಎಲ್ಲರಿಗೂ ಭಯ. ಲಿಫ್ಟಿನ ಕ್ಯಾಬಿನ್ ಗಾಳಿಯಾಡದ ಡಬ್ಬಿಯಲ್ಲ, ಅದಕ್ಕೆ ಗಾಳಿಕಿಂಡಿಗಳಿರುತ್ತವೆ ಎಂದು ಆಗ ಹೇಳುವವರು ಯಾರೂ ಇರುವುದಿಲ್ಲ. ಗೇಟಿನ ಮೊಳೆಗೆ ನೇತುಹಾಕಿದ ಬಾಗಿಲಿನ ಕೀಲಿ ತಂದು ಹೊರಬಾಗಿಲು ತೆಗೆಯುತ್ತಾರೆ. ಕ್ಯಾಬಿನ್ನಿನ ನೆಲ ಎದೆಮಟ್ಟದಲ್ಲಿ ನಿಂತಿದೆ. "ಕೂತ್ಕೊಂಡು ಕೆಳಗೆ ಜಾರಿ, ಹಿಡ್ಕೋತೀವಿ" ಎನ್ನುತ್ತಾರೆ. ಕ್ಯಾಬಿನ್ನಿನ ನೆಲದ ಕೆಳಗೆ, ಜಾರುವವರ ಕಾಲಿನ ಹಿಂದೆ, ತೆರೆದ ಶಾಫ್ಟ್ ಇರುವುದು ಯಾರ ಗಮನಕ್ಕೂ ಬರುವುದಿಲ್ಲ. ಜಾರಿದವರ ಮೈ ಮುಂದಕ್ಕೆ ಬರುವ ಬದಲು ಹಿಂದಕ್ಕೆ ತೂಗಿದರೆ ನೇರ ಪಿಟ್‌ಗೆ. ಮೇನ್ ಸ್ವಿಚ್ ಆಫ್ ಮಾಡದೆ ಇದನ್ನು ಮಾಡುತ್ತಿದ್ದಾರೆಂದರೆ ಇಳಿಯುವಾಗಲೇ ಲಿಫ್ಟ್ ಕದಲುವ ಅಪಾಯವೂ ಸೇರುತ್ತದೆ. ಅದೇ ಕೀಲಿಯಿಂದ ಕ್ಯಾಬಿನ್ ಇಲ್ಲದ ಮಹಡಿಯ ಬಾಗಿಲು ತೆಗೆದು, ಕತ್ತಲಲ್ಲಿ ಕಾಲಿಟ್ಟರೆ ಮುಗಿದೇಹೋಯಿತು. ಲಿಫ್ಟ್ ಸಾವಿನ ಸುದ್ದಿಗಳನ್ನು ಗಮನಿಸುತ್ತ ಬಂದವರಿಗೆ ಗೊತ್ತಿರುತ್ತದೆ: ಹಗ್ಗ ಕಡಿಯಿತು ಎಂಬುದು ಅಪರೂಪ, ಬಾಗಿಲು ತೆರೆದಿತ್ತು, ಲಿಫ್ಟ್ ಇರಲಿಲ್ಲ ಎಂಬುದು ಮತ್ತೆ ಮತ್ತೆ ಬರುತ್ತದೆ.

ಇಷ್ಟು ಕೇಳಿದ ಮೇಲೆ ಸಿಬ್ಬಂದಿಯನ್ನು ಬೈಯುವುದು ಸುಲಭ. ಆದರೆ ಒಂದು ಸರ್ವಿಸ್ ದಿನವನ್ನು ಹತ್ತಿರದಿಂದ ನೋಡಿದರೆ ಬೈಗುಳ ಬೇರೆ ಕಡೆ ತಿರುಗುತ್ತದೆ.

ಮೆಕ್ಯಾನಿಕ್ ಬೈಕಿನಲ್ಲಿ ಬರುತ್ತಾನೆ, ಬೆನ್ನಿಗೆ ಟೂಲ್ ಬ್ಯಾಗು. ಗೇಟಿನಲ್ಲಿ ಮೊದಲ ಪ್ರಶ್ನೆ, "ಯಾವ ಫ್ಲ್ಯಾಟು?" ಲಿಫ್ಟಿಗೆ ಫ್ಲ್ಯಾಟ್ ನಂಬರ್ ಇಲ್ಲ. ಆ್ಯಪಿನಲ್ಲಿ ಯಾರಾದರೂ ಒಪ್ಪಿಗೆ ಕೊಡಬೇಕು. ಸೆಕ್ರೆಟರಿ ಆಫೀಸಿನಲ್ಲಿ ಮೀಟಿಂಗಿನಲ್ಲಿರುತ್ತಾರೆ. ರಿಜಿಸ್ಟರಿನಲ್ಲಿ ಬರೆದು, ಬೈಕು ಹೊರಗೆ ನಿಲ್ಲಿಸಿ ಒಳಗೆ ಬಂದರೆ, ಕೆಲಸಕ್ಕೆ ಬಂದವರು ಸರ್ವಿಸ್ ಲಿಫ್ಟಿನಲ್ಲೇ ಹೋಗಬೇಕೆಂಬ ಬೋರ್ಡು. ನಿಂತಿರುವುದು ಆ ಸರ್ವಿಸ್ ಲಿಫ್ಟೇ. ಮೆಟ್ಟಿಲು ಹತ್ತಿ ಟೆರೇಸಿಗೆ ಹೋದರೆ ಮಷಿನ್ ರೂಮಿಗೆ ಬೀಗ. ಕೀಲಿ ರಾತ್ರಿ ಪಾಳಿಯವನ ಜೇಬಿನಲ್ಲಿ. ಅದು ಸಿಕ್ಕಿ ಬಾಗಿಲು ತೆರೆದರೆ ಒಳಗೆ ದೀಪಾವಳಿಯ ಸೀರಿಯಲ್ ಸೆಟ್ಟು, ಗಣೇಶನ ಪೆಂಡಾಲಿನ ಬಟ್ಟೆ, ಪೇಂಟಿನ ಡಬ್ಬಿಗಳು.

ಕೆಲಸ ಮುಗಿಯುವ ಹೊತ್ತಿಗೆ ಅವನ ಕಣ್ಣಿಗೆ ಇನ್ನೇನೋ ಬಿದ್ದಿರುತ್ತದೆ. ಹಗ್ಗದ ಎಳೆಗಳು ಕಡಿಯತೊಡಗಿವೆ ಎನ್ನಿ. ಅಥವಾ ಎರಡನೇ ಮಹಡಿಯ ಬಾಗಿಲಿನ ಲಾಕು ಬದಲಾಯಿಸಲೇಬೇಕು. ಸರ್ವಿಸ್ ಶೀಟಿನಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಗ್ರಾಹಕರ ಸಹಿ ಎಂಬ ಜಾಗವಿದೆ. ಸೆಕ್ರೆಟರಿ ಇಲ್ಲ, ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ. "ಅಣ್ಣ, ಒಂದು ಸೈನ್ ಹಾಕಿ" ಎಂದು ಸೆಕ್ಯುರಿಟಿಯ ಮುಂದೆ ಹಿಡಿಯುತ್ತಾನೆ. ಸೆಕ್ಯುರಿಟಿ ಹಾಕುತ್ತಾನೆ. ಆ ಹಾಳೆಯ ಕಾರ್ಬನ್ ಪ್ರತಿ ಗೇಟಿನ ಮೇಜಿನ ಡ್ರಾಯರ್ ಸೇರುತ್ತದೆ, ಹಳೆಯ ವಿಸಿಟರ್ ರಿಜಿಸ್ಟರುಗಳ ಕೆಳಗೆ.

ನನ್ನ ಮಟ್ಟಿಗೆ ಇಡೀ ಸಮಸ್ಯೆ ಆ ಸಹಿಯಲ್ಲಿದೆ. ಲಿಫ್ಟ್ ಕಂಪನಿಯ ಲೆಕ್ಕದಲ್ಲಿ ಗ್ರಾಹಕರಿಗೆ ತಿಳಿಸಿ ಆಯಿತು. ಅಸೋಸಿಯೇಷನ್ನಿನ ಲೆಕ್ಕದಲ್ಲಿ ಸರ್ವಿಸ್ ಆಯಿತು. ಸಹಿ ಹಾಕಿದವನಿಗೆ ತಾನು ಏನಕ್ಕೆ ಸಹಿ ಹಾಕಿದೆ ಎಂಬುದೇ ತಿಳಿಯದು. ತಿಳಿದರೂ ಹಗ್ಗ ಬದಲಿಸಲು ದುಡ್ಡು ಮಂಜೂರು ಮಾಡುವವನು ಅವನಲ್ಲ. ಲಿಫ್ಟ್ ನಿಲ್ಲಿಸಿ ಎಂದು ಹೇಳುವ ಎದೆಗಾರಿಕೆ ಅವನಿಗೆ ಎಲ್ಲಿಂದ ಬರಬೇಕು? ಹತ್ತನೇ ಮಹಡಿಯವರು ಒಂದು ಮಾತು ಮೇಲೆ ಹೇಳಿದರೆ ನಾಳೆ ಸೆಕ್ಯುರಿಟಿ ಏಜೆನ್ಸಿ ಅವನನ್ನು ಬೇರೆ ಕಡೆಗೆ ಹಾಕುತ್ತದೆ.

ಈ ಮನುಷ್ಯ ಯಾರೆಂದು ಸ್ವಲ್ಪ ಯೋಚಿಸೋಣ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಅವನು ಅಸ್ಸಾಮಿನವನೋ ಒಡಿಶಾದವನೋ ಬಿಹಾರದವನೋ ಆಗಿರಬಹುದು. ಹನ್ನೆರಡು ಗಂಟೆಯ ಪಾಳಿ, ಗುತ್ತಿಗೆಯ ಕೆಲಸ. ನಾಲ್ಕು ಮಹಡಿಯ ಸಣ್ಣ ಕಟ್ಟಡಗಳಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಪಾರ್ಕಿಂಗಿನ ಮೂಲೆಯ ಕೋಣೆಯಲ್ಲಿ ಸಂಸಾರ ಹೂಡಿದ ವಾಚ್‌ಮನ್. ಅಂಥವನು ಮೆಕ್ಯಾನಿಕ್ ಹತ್ತಿರ, "ಯಣ್ಣಾ, ಕರೆಂಟ್ ಹೋದ್ರ ಇದು ತಾನ ಕೆಳಗ ಬರ್ತೈತೇನು?" ಎಂದು ಕೇಳಿದರೆ ಅದನ್ನು ಅಜ್ಞಾನ ಎನ್ನಬಾರದು, ಕೇಳಲೇಬೇಕಾದ ಪ್ರಶ್ನೆ ಅದು. ಕರೆಂಟ್ ಹೋದಾಗ ಬ್ಯಾಟರಿಯಿಂದ ಕ್ಯಾಬಿನ್ನನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿ ಎಂಬ ಸಾಧನ ನಮ್ಮಲ್ಲಿ ಬಹಳ ಲಿಫ್ಟುಗಳಿಗಿದೆ. ಅದು ಈ ಲಿಫ್ಟಿನಲ್ಲಿ ಇದೆಯೇ, ಅದರ ಬ್ಯಾಟರಿಗೆ ಜೀವವಿದೆಯೇ ಎಂಬುದು ಅವನಿಗೆ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಅದನ್ನು ಅವನಿಗೆ ಹೇಳಿಕೊಡುವುದು ಯಾರ ಕೆಲಸವೆಂದು ಎಲ್ಲೂ ಬರೆದಿರುವುದಿಲ್ಲ. ಏಜೆನ್ಸಿ ಅವನಿಗೆ ಸೆಲ್ಯೂಟ್ ಹೊಡೆಯುವುದನ್ನು ಕಲಿಸಿ ಕಳಿಸಿರುತ್ತದೆ. ಲಿಫ್ಟ್ ಕಂಪನಿ ಯಂತ್ರವನ್ನು ಒಪ್ಪಿಸುವ ದಿನ ಬಿಲ್ಡರಿನ ಎಂಜಿನಿಯರಿಗೆ ಎಲ್ಲ ತೋರಿಸಿ ಹೋಗಿರುತ್ತದೆ. ಆ ಎಂಜಿನಿಯರ್ ಈಗ ಬೇರೆ ಸೈಟಿನಲ್ಲಿರುತ್ತಾನೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ನ್ಯಾಯವಾದದ್ದೇ. ಮೆಕ್ಯಾನಿಕ್ ಮತ್ತು ಅವನ ಕಂಪನಿ ಅಷ್ಟೊಂದು ಸಾಚಾಗಳೇ? ಅಲ್ಲ. ಸರ್ವಿಸಿಗೆ ಬಂದು ಕ್ಯಾಬಿನ್ ಮೇಲೆ ಹತ್ತದೆ, ಪಿಟ್‌ಗೆ ಇಳಿಯದೆ, ಬಟ್ಟೆಯಲ್ಲಿ ಸಿಲ್ ಒರೆಸಿ ಸಹಿ ಮಾಡಿಸಿಕೊಂಡು ಹೋಗುವವರಿದ್ದಾರೆ. ಬಾಗಿಲಿನ ಲಾಕು ತೊಂದರೆ ಕೊಟ್ಟರೆ ಅದನ್ನು ಶಾರ್ಟ್ ಮಾಡಿ, ಅಂದರೆ ಬಾಗಿಲು ತೆರೆದಿದ್ದರೂ ಲಿಫ್ಟ್ ಓಡುವಂತೆ ತಂತಿ ಜೋಡಿಸಿ, ಪಾರ್ಟು ಬರುವವರೆಗೆ ಓಡಲಿ ಎಂದು ಬಿಟ್ಟುಹೋಗುವವರೂ ಇದ್ದಾರೆ. ಇದು ಸೆಕ್ಯುರಿಟಿಯ ಆಫ್–ಆನ್‌ಗಿಂತ ದೊಡ್ಡ ಅಪರಾಧ, ಏಕೆಂದರೆ ಇದನ್ನು ಮಾಡಿದವನಿಗೆ ಪರಿಣಾಮ ಗೊತ್ತು. ಫೋನ್ ಮಾಡಿ ಒಂದೂವರೆ ಗಂಟೆಯಾದರೂ ಯಾರೂ ಬಾರದಿದ್ದರೆ, ಒಳಗೆ ಬಿ.ಪಿ. ಇರುವ ಅಜ್ಜಿಯೋ ಅಳುವ ಮಗುವೋ ಇದ್ದರೆ, ಗೇಟಿನವನು ಕೀಲಿ ತರದೆ ಏನು ಮಾಡಬೇಕು? ಅವನು ಕೀಲಿಗೆ ಕೈ ಹಾಕುವಂತೆ ಮಾಡಿದ್ದು ಕಂಪನಿಯ ತಡವೇ ಅಲ್ಲವೇ?

ನಿಜ. ಆದರೆ ಈ ಆಕ್ಷೇಪಣೆಯನ್ನು ಬೆನ್ನಟ್ಟಿ ಹೋದರೂ ನಾವು ಬಂದು ನಿಲ್ಲುವುದು ಅದೇ ಮನೆಬಾಗಿಲಿಗೆ. ಮೆಕ್ಯಾನಿಕ್ ಲಾಕನ್ನು ಶಾರ್ಟ್ ಮಾಡಿ ಓಡಿಸುವುದು ಯಾರ ಒತ್ತಾಯಕ್ಕೆ? "ಸಂಜೆ ನಮ್ಮನೇಲಿ ಫಂಕ್ಷನ್ ಇದೆ, ಹೇಗಾದರೂ ಓಡಿಸಿಕೊಡಿ" ಎನ್ನುವ ನಿವಾಸಿಯ ಒತ್ತಾಯಕ್ಕೆ. ಮೆಕ್ಯಾನಿಕ್ ದಿನಕ್ಕೆ ಇಷ್ಟು ಕಟ್ಟಡ ಸುತ್ತಲೇಬೇಕೆಂದು ಓಡುವುದು ಏಕೆ? ವಾರ್ಷಿಕ ನಿರ್ವಹಣೆಯ (ಎಎಂಸಿ) ಕೊಟೇಷನ್ ತೆರೆಯುವಾಗ ಎಲ್ಲಕ್ಕಿಂತ ಕಡಿಮೆ ಅಂಕಿಗೆ ನಾವು ಟಿಕ್ ಹಾಕಿದ್ದರಿಂದ. ಬಿಡಿಭಾಗಗಳೆಲ್ಲ ಸೇರಿದ ಒಪ್ಪಂದಕ್ಕೂ ಬರೀ ಸರ್ವಿಸಿನ ಒಪ್ಪಂದಕ್ಕೂ ವ್ಯತ್ಯಾಸವೇನು ಎಂದು ಸರ್ವಸದಸ್ಯರ ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಲಾಬಿಯ ಗ್ರಾನೈಟಿನ ಬಣ್ಣದ ಮೇಲೆ ಒಂದು ಗಂಟೆ ಚರ್ಚೆಯಾಗಿರುತ್ತದೆ. ಅಗ್ಗದ ಒಪ್ಪಂದದಲ್ಲಿ ಹಗ್ಗದ ಬೆಲೆ ಬೇರೆ, ಅದಕ್ಕೆ ಕಮಿಟಿ ಮಂಜೂರಾತಿ ಬೇಕು, ಮಂಜೂರಾತಿಗೆ ಸರ್ವಿಸ್ ಶೀಟ್ ಓದಬೇಕು, ಶೀಟು ಡ್ರಾಯರಿನಲ್ಲಿದೆ.

ಕಾನೂನು ಈ ವಿಷಯದಲ್ಲಿ ಸುಮ್ಮನೆ ಕೂತಿಲ್ಲ. ಮುಂಬಯಿ ಪ್ರಾಂತದಲ್ಲಿ 1939ರಲ್ಲೇ ಲಿಫ್ಟ್ ಕಾಯ್ದೆ ಬಂತು. ಕರ್ನಾಟಕದಲ್ಲಿ 1974ರ ಕಾಯ್ದೆ ಇತ್ತು. ಅದರ ಜಾಗಕ್ಕೆ 2012ರಲ್ಲಿ ಲಿಫ್ಟು, ಎಸ್ಕಲೇಟರು, ಪ್ಯಾಸೆಂಜರ್ ಕನ್ವೇಯರುಗಳನ್ನೆಲ್ಲ ಒಳಗೊಂಡ ಹೊಸ ಕಾಯ್ದೆ ಬಂದು, 2015ರಲ್ಲಿ ನಿಯಮಗಳಾದವು. ವಿದ್ಯುತ್ ಪರಿವೀಕ್ಷಣಾಲಯ ಇದನ್ನು ನೋಡಿಕೊಳ್ಳುತ್ತದೆ. ಲಿಫ್ಟ್ ಕೂರಿಸಲು ಅನುಮತಿ, ಓಡಿಸಲು ಲೈಸೆನ್ಸು, ತಪಾಸಣೆ, ಅಪಘಾತವಾದರೆ ವರದಿ, ಎಲ್ಲವೂ ಇದೆ. ಉತ್ತರ ಪ್ರದೇಶದಂಥ ದೊಡ್ಡ ರಾಜ್ಯಕ್ಕೆ ಇಂಥದೊಂದು ಕಾಯ್ದೆ ಬಂದದ್ದು 2024ರಲ್ಲಷ್ಟೇ. ಆ ಮಟ್ಟಿಗೆ ನಾವು ಮುಂದಿದ್ದೇವೆ.

ಬ್ರಿಟನ್ನಿನ 1998ರ ನಿಯಮಗಳಲ್ಲಿ ಒಂದು ಮಾತಿದೆ, ಅದನ್ನು ನಾವು ಗಮನಿಸಬೇಕು. ಅಲ್ಲಿ ಕೆಲಸದ ಸ್ಥಳಗಳಲ್ಲಿ ಜನರನ್ನು ಸಾಗಿಸುವ ಲಿಫ್ಟನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ತಜ್ಞರೊಬ್ಬರು ಕೂಲಂಕಷವಾಗಿ ಪರೀಕ್ಷಿಸಬೇಕು. ಮಾಮೂಲಿ ಸರ್ವಿಸ್ ಬೇರೆ, ಈ ಪರೀಕ್ಷೆ ಬೇರೆ. ಜೀವಕ್ಕೆ ಅಪಾಯ ತರುವ ದೋಷ ಕಂಡರೆ ಆತ ಲಿಫ್ಟಿನ ಹೊಣೆ ಹೊತ್ತವರಿಗೆ ಕೂಡಲೇ ತಿಳಿಸುವುದಲ್ಲದೆ, ವರದಿಯ ಪ್ರತಿಯನ್ನು ಸರ್ಕಾರದ ಪ್ರಾಧಿಕಾರಕ್ಕೂ ಕಳಿಸಬೇಕು. ದೋಷ ಸರಿಯಾಗುವವರೆಗೆ ಲಿಫ್ಟ್ ಓಡಿಸುವಂತಿಲ್ಲ. ಇಲ್ಲಿನ ಗುಟ್ಟು ಪರೀಕ್ಷೆ ಎಷ್ಟು ಸಲ ಎನ್ನುವುದರಲ್ಲಿಲ್ಲ. ನೋಡಿದವನ ಮಾತು ಗೇಟಿನ ಡ್ರಾಯರಿನಲ್ಲಿ ಸಾಯದಂತೆ ಅದಕ್ಕೆ ಎರಡನೆಯ ದಾರಿಯೊಂದನ್ನು ಕಾನೂನೇ ಮಾಡಿಕೊಟ್ಟಿದೆ. ತಿಳಿದವನ "ಬೇಡ" ಎಂಬ ಮಾತಿಗೆ ಅಲ್ಲಿ ತೂಕ ಬಂದದ್ದು ಹಾಗೆ.

ನಮ್ಮ ಕಾಯ್ದೆ ತಿದ್ದುಪಡಿಯಾಗಲಿ ಎಂದು ಕಾಯುತ್ತ ಕೂರಬೇಕಾಗಿಲ್ಲ. ಅಸೋಸಿಯೇಷನ್ನುಗಳು ಮುಂದಿನ ಎಎಂಸಿ ಒಪ್ಪಂದದಲ್ಲೇ ಇದರ ಬಹುಭಾಗವನ್ನು ಬರೆದುಕೊಳ್ಳಬಹುದು. ಮೊದಲನೆಯದಾಗಿ, ಮೆಕ್ಯಾನಿಕ್ ಸುರಕ್ಷತೆಯ ಕಾರಣಕ್ಕೆ ಲಿಫ್ಟ್ ನಿಲ್ಲಿಸಿದರೆ ಅದನ್ನು ಮತ್ತೆ ಓಡಿಸುವ ಹಕ್ಕು ಕಟ್ಟಡದ ಯಾರಿಗೂ ಇರಕೂಡದು, ಅಧ್ಯಕ್ಷರಿಗೂ ಸಹ. ನಿಲ್ಲಿಸಿದ್ದಕ್ಕೆ ಕಾರಣವನ್ನು ಅವನು ಬರೆದುಕೊಡಬೇಕು, ಸರಿಯಾದ ಮೇಲೆ ಕಂಪನಿ ಲಿಖಿತವಾಗಿ ಬಿಡುಗಡೆ ಮಾಡಬೇಕು. ಎರಡನೆಯದಾಗಿ, ಸರ್ವಿಸ್ ಶೀಟಿಗೆ ಸಹಿ ಹಾಕಲು ಕಮಿಟಿಯಲ್ಲಿ ಒಬ್ಬರ ಹೆಸರು ಗೊತ್ತಾಗಿರಬೇಕು. ಅವರು ಊರಲ್ಲಿಲ್ಲದಿದ್ದರೆ ಶೀಟಿನ ಫೋಟೋ ವಾಟ್ಸ್ಆ್ಯಪಿನಲ್ಲಿ ಹೋಗಲಿ, ಅವರು ಓದಿದ್ದೇನೆ ಎಂದು ಉತ್ತರಿಸಲಿ. ಸೆಕ್ಯುರಿಟಿಯ ಸಹಿ, ಬಂದದ್ದಕ್ಕೂ ಹೋದದ್ದಕ್ಕೂ ಸಾಕ್ಷಿ, ಅಷ್ಟೇ. ಆ ಶೀಟು ಕನ್ನಡದಲ್ಲೂ ಇರಲಿ ಎಂದು ಕಂಪನಿಯನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ಮೂರನೆಯದು ಗೇಟಿನವರ ತರಬೇತಿ. ಇದಕ್ಕೆ ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಸಾಕು. ಕಲಿಸಬೇಕಾದವನು ಆ ಲಿಫ್ಟಿನ ಮೆಕ್ಯಾನಿಕ್ಕೇ, ಆ ಅರ್ಧ ಗಂಟೆಗೆ ಕಂಪನಿಗೆ ದುಡ್ಡು ಕೊಡಬೇಕಾದವರು ನಾವು. ಯಾರಾದರೂ ಸಿಕ್ಕಿಕೊಂಡರೆ ಏನು ಮಾಡಬೇಕು? ಮೊದಲು ಹೊರಗಿನಿಂದ ಮಾತನಾಡಿಸಬೇಕು: "ಗಾಬರಿ ಆಗ್ಬೇಡಿ, ಗಾಳಿ ಬರ್ತಾ ಇರುತ್ತೆ, ಬಾಗಿಲು ತಳ್ಳಬೇಡಿ, ಲಿಫ್ಟಿನವರು ಬರ್ತಿದ್ದಾರೆ." ಯಾವ ಲಿಫ್ಟು, ಯಾವ ಮಹಡಿಗಳ ನಡುವೆ, ಒಳಗೆ ಎಷ್ಟು ಜನ, ಯಾರಿಗಾದರೂ ಕಾಯಿಲೆಯೇ ಎಂದು ತಿಳಿದು ಕಂಪನಿಗೆ ಫೋನ್ ಮಾಡಬೇಕು. ಕಂಪನಿ ತಡಮಾಡಿದರೆ, ಒಳಗಿನವರ ಆರೋಗ್ಯ ಕೆಟ್ಟರೆ, 112ಕ್ಕೆ ಕರೆ ಮಾಡಿ ಅಗ್ನಿಶಾಮಕದವರನ್ನು ಕರೆಸಬೇಕು. ಬಾಗಿಲಿನ ಕೀಲಿ ಗೇಟಿನ ಮೊಳೆಯ ಮೇಲೆ ತೂಗಬಾರದು. ತರಬೇತಿ ಪಡೆದ ಇಬ್ಬರ ಹೆಸರು ಬರೆದ ಪೆಟ್ಟಿಗೆಯಲ್ಲಿ ಬೀಗದೊಳಗಿರಬೇಕು. ಮೇನ್ ಸ್ವಿಚ್ ಆಫ್ ಆಗುವ ತನಕ ಅವರೂ ಅದನ್ನು ಮುಟ್ಟಬಾರದು. ಆಫ್–ಆನ್ ಮಾಡುವ ಬದಲು, ಲಿಫ್ಟ್ ನಿಂತ ಪ್ರತಿ ಸಲ ತಾರೀಖು, ಹೊತ್ತು, ಮಹಡಿ ಬರೆದಿಡಬೇಕು. ವಿಸಿಟರ್ ರಿಜಿಸ್ಟರಿನಲ್ಲಿ ಡೆಲಿವರಿ ಹುಡುಗರ ಫೋನ್ ನಂಬರನ್ನೆಲ್ಲ ಚಾಚೂತಪ್ಪದೆ ಬರೆಸಿಕೊಳ್ಳುವ ಮನುಷ್ಯನಿಗೆ ಇದೇನೂ ಕಷ್ಟವಲ್ಲ.

ಕಂಪನಿಗಳೂ ಕೊಡಬೇಕಾದದ್ದಿದೆ. ಜನ ಸಿಕ್ಕಿಕೊಂಡ ಕರೆಗೆ ಎಷ್ಟು ಹೊತ್ತಿನಲ್ಲಿ ಬರುತ್ತೇವೆ ಎಂಬುದು ಒಪ್ಪಂದದಲ್ಲಿರಬೇಕು. ತಪ್ಪಿದರೆ ದಂಡ ಇರಬೇಕು. ಲಾಕು ಶಾರ್ಟ್ ಮಾಡಿ ಓಡಿಸಿದ್ದು ಸಿಕ್ಕಿಬಿದ್ದರೆ ಒಪ್ಪಂದ ರದ್ದಾಗಬೇಕು. ಮೆಕ್ಯಾನಿಕ್‌ಗೆ ಅಧಿಕಾರ ಕೊಡುವಾಗ ಅದರ ಜೊತೆಗೆ ಈ ಹೊಣೆಯನ್ನೂ ಹೊರಿಸಬೇಕು.

ಇದರಿಂದ ಖರ್ಚು ಹೆಚ್ಚುವುದಿಲ್ಲವೇ? ಹೆಚ್ಚುತ್ತದೆ. ಲಿಫ್ಟ್ ಒಂದೆರಡು ದಿನ ನಿಂತು ವಯಸ್ಸಾದವರಿಗೆ ತೊಂದರೆಯೂ ಆಗುತ್ತದೆ. ಎಂಟನೇ ಮಹಡಿಯಲ್ಲಿ ಮೊಣಕಾಲು ನೋವಿನವರಿಗೆ ಅದು ಸಣ್ಣ ಮಾತಲ್ಲ. ಹಾಗೆಂದು ಅನುಮಾನಾಸ್ಪದ ಲಾಕಿನ ಲಿಫ್ಟಿಗೆ ಅದೇ ಹಿರಿಯರನ್ನು ಹತ್ತಿಸುವುದು ಅವರಿಗೆ ಮಾಡುವ ಉಪಕಾರವಲ್ಲ. ತೊಂದರೆ ತಪ್ಪಿಸುವ ದಾರಿ ಎಂದರೆ ಶೀಟಿನಲ್ಲಿ ಬರೆದದ್ದನ್ನು ಅದೇ ವಾರ ಓದಿ ದುಡ್ಡು ಮಂಜೂರು ಮಾಡುವುದು. ಆಗ ಲಿಫ್ಟ್ ನಾವು ಗೊತ್ತುಮಾಡಿದ ದಿನ ಕೆಲವು ಗಂಟೆ ನಿಲ್ಲುತ್ತದೆ. ಇಲ್ಲದಿದ್ದರೆ ಅದು ತಾನೇ ಗೊತ್ತುಮಾಡಿದ ದಿನ ನಿಲ್ಲುತ್ತದೆ, ಒಳಗೆ ಜನರನ್ನು ಇಟ್ಟುಕೊಂಡು.

ಈ ಲೇಖನ ಓದಿದವರು ಅಪಾರ್ಟ್‌ಮೆಂಟಿನಲ್ಲಿದ್ದರೆ ಒಂದು ಕೆಲಸ ಮಾಡಿ. ಇವತ್ತೇ ಗೇಟಿಗೆ ಹೋಗಿ ಕಳೆದ ಮೂರು ತಿಂಗಳ ಲಿಫ್ಟ್ ಸರ್ವಿಸ್ ಶೀಟುಗಳನ್ನು ಕೇಳಿ ಪಡೆದು ಓದಿ. ಅವುಗಳಲ್ಲಿ ಏನು ಬರೆದಿದೆ, ಕೆಳಗೆ ಯಾರ ಸಹಿ ಇದೆ ನೋಡಿ. ಸೆಕ್ಯುರಿಟಿಯ ಸಹಿಯಿದ್ದರೆ ಅವನನ್ನು ಏನೂ ಅನ್ನಬೇಡಿ. ಮುಂದಿನ ಕಮಿಟಿ ಸಭೆಯಲ್ಲಿ ಆ ಹಾಳೆಗಳನ್ನು ಮೇಜಿನ ಮೇಲಿಟ್ಟು, ಇದಕ್ಕೆ ಸಹಿ ಹಾಕಬೇಕಾಗಿದ್ದವರು ನಮ್ಮಲ್ಲಿ ಯಾರು ಎಂದು ಕೇಳಿ.